ಕೆಂಗೇರಿಯ ಯುರೋಪಿನಲ್ಲಿ ಅಂಜಿನಯ್ಯನ ಸಮಾಧಿ

ಭಾನುವಾರ ಬೆಳಿಗ್ಗೆ ತಾರಸಿಯಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ ಅಂಜಿನಯ್ಯನ ಬೋಳುತಲೆಗೆ ಒಂದು ಕಾಗೆ ಬಂದು ಕುಕ್ಕಿತು. ಇಷ್ಟೇ ನಡೆದದ್ದು. ಕುಕ್ಕಿದ ಕಾಗೆ ಹಾರಿಹೋಯಿತು, ತಲೆಯ ಮೇಲೆ ಸಾಸಿವೆ ಕಾಳಿನಷ್ಟು ರಕ್ತ ಬಂತು, ಅಂಜಿನಯ್ಯ ಥೂ ದರಿದ್ರದ್ದೇ ಎಂದು ಬೈದು ಪುಟ ತಿರುಗಿಸಿದ. ಬೇರೆ ಕಡೆಯಾಗಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಇದು ಮೂಡಲಪಾಳ್ಯ. ಇಲ್ಲಿ ಮನೆಗೂ ಮನೆಗೂ ನಡುವೆ ಪೊರಕೆ ತೂರುವಷ್ಟು ಜಾಗವಿಲ್ಲ. ಪಕ್ಕದ ತಾರಸಿಯಲ್ಲಿ ಹಪ್ಪಳ ಹರವುತ್ತಿದ್ದ ಜಲಜಮ್ಮ ಎಲ್ಲವನ್ನೂ ನೋಡಿಬಿಟ್ಟರು.

ಜಲಜಮ್ಮ ಎಂದರೆ ಆ ಬೀದಿಯ ಪಂಚಾಂಗ. ಹಲ್ಲಿ ಲೊಚಗುಟ್ಟಿದರೂ, ಬೆಕ್ಕು ಅಡ್ಡ ಬಂದರೂ, ಕೈಯಿಂದ ಕುಂಕುಮದ ಬಟ್ಟಲು ಜಾರಿದರೂ ಜನ ಅವರ ಮನೆ ಗೇಟಿಗೆ ಬಂದು ನಿಲ್ಲುತ್ತಿದ್ದರು. ಅವರ ಮಾತು ಸಾಮಾನ್ಯವಾಗಿ ಮೂರನೇ ಕ್ರಾಸಿನವರೆಗೆ ಕೇಳಿಸುತ್ತದೆ. ಅಂದು ಮಾತ್ರ ಅವರು ಗೋಡೆಯ ಹತ್ತಿರ ಬಂದು ಮೆಲ್ಲಗೆ ಮಾತಾಡಿದರು. ಅಂಜಿನಯ್ಯನಿಗೆ ಮೊದಲು ಭಯವಾದದ್ದು ಆ ಮೆಲುದನಿಗೇ.

"ಅಂಜಿನಯ್ಯನೋರೆ, ಶನಿಮಹಾತ್ಮನ ವಾಹನ ತಲೆ ಮುಟ್ಟಿದ್ರೆ ಅದು ಸುಮ್ನೆ ಅಲ್ಲ. ಹೊತ್ತು ಮುಳುಗೋದ್ರೊಳಗೆ ನೀವು ಹೋಗ್ಬಿಟ್ರಿ ಅಂತ ನಿಮ್ಮೋರಿಗೆ ಸುದ್ದಿ ಮುಟ್ಟಿಸ್ಬೇಕು. ಕೇಳಿದೋರು ನಿಜ ಅಂತ ನಂಬಿ ಕಣ್ಣೀರು ಹಾಕ್ಬೇಕು. ಒಂದೇ ಒಂದು ಹನಿ ಬಿದ್ರೂ ಸಾಕು, ಬರೋ ಸಾವು ಬಂದು ಹೋಯ್ತು ಅಂತ ಲೆಕ್ಕ."

"ಯಾರೂ ಅಳದಿದ್ರೆ?" ಎಂದು ಅಂಜಿನಯ್ಯ ಕೇಳಿದ.

ಜಲಜಮ್ಮ ವಿದ್ಯುತ್ ತಂತಿಯ ಕಡೆ ನೋಡಿದರು. ಅಂಜಿನಯ್ಯನೂ ನೋಡಿದ. ಕುಕ್ಕಿದ ಕಾಗೆ ಅಲ್ಲೇ ಕೂತಿತ್ತು. ಅದರ ಎಡರೆಕ್ಕೆಯಲ್ಲಿ ಒಂದು ಗರಿ ಬಾಗಿ ಹೊರಗೆ ಚಾಚಿಕೊಂಡಿತ್ತು. ಅದು ಕೂಗಲಿಲ್ಲ, ಕದಲಲಿಲ್ಲ, ಸುಮ್ಮನೆ ಇವನನ್ನೇ ನೋಡುತ್ತಿತ್ತು. ಮಾಗಡಿಯಲ್ಲಿದ್ದ ತಮ್ಮ ಚಿಕ್ಕಪ್ಪನಿಗೂ ಹೀಗೇ ಆಗಿತ್ತೆಂದು ಜಲಜಮ್ಮ ಹೇಳಿದರು. ಅವರು ಇದೆಲ್ಲ ಮೂಢನಂಬಿಕೆ ಎಂದು ನಕ್ಕುಬಿಟ್ಟರಂತೆ. ಅದೇ ದಿನ ಸಾಯಂಕಾಲ ದೀಪ ಹಚ್ಚುವ ಹೊತ್ತಿಗೆ... ಅಷ್ಟು ಹೇಳಿ ಜಲಜಮ್ಮ ಹಪ್ಪಳ ಎತ್ತಿಡಲು ಹೋದರು.

ಅಂಜಿನಯ್ಯ ವಿಜಯನಗರದ ಒಂದು ಕಚೇರಿಯಲ್ಲಿ ಗುಮಾಸ್ತ. ಮೂಢನಂಬಿಕೆಯ ವಿರುದ್ಧ ಊಟದ ಹೊತ್ತಿನಲ್ಲಿ ಎಷ್ಟೋ ಭಾಷಣ ಬಿಗಿದವನು. ಆದರೆ ಕಚೇರಿಗೆ ಕಾಂಕ್ರೀಟ್ ಸೂರಿದೆ, ತಾರಸಿಗೆ ಇಲ್ಲ. ಅವನು ಕೆಳಗಿಳಿಯುವ ಮುನ್ನ, ತಾರಸಿ ಕೋಣೆಯ ಬಾಡಿಗೆ ಹುಡುಗ ಫಕೀರೇಶ ಬಾಗಿಲ ಮೊಳೆಗೆ ನೇತುಹಾಕಿದ್ದ ಹೆಲ್ಮೆಟ್ ತೆಗೆದು ತಲೆಗೆ ಹಾಕಿಕೊಂಡ. ಆಮೇಲೆ ಆ ದಿನವೆಲ್ಲ ಅದನ್ನು ತೆಗೆಯಲಿಲ್ಲ.

ಹೆಂಡತಿ ಯಶೋದಮ್ಮ ವಿಷಯ ಕೇಳಿದ್ದೇ ತಡ, ಕಣ್ಣು ತುಂಬಿಕೊಂಡು ತಾನೇ ಅಳುತ್ತೇನೆ ಎಂದಳು. ಅಷ್ಟರಲ್ಲಿ ಮನೆಯೊಳಗೇ ಬಂದಿದ್ದ ಜಲಜಮ್ಮ ತಡೆದರು. ಗೊತ್ತಿದ್ದವರು ಅಳುವುದು ಈರುಳ್ಳಿ ಹೆಚ್ಚಿ ಕಣ್ಣೀರು ಹಾಕಿದಂತೆ, ಲೆಕ್ಕಕ್ಕಿಲ್ಲ ಎಂದರು. ಯಶೋದಮ್ಮ ಬಂದ ಅಳುವನ್ನು ಹಾಗೇ ನುಂಗಿಕೊಂಡು ಒಲೆ ಹಚ್ಚಲು ಹೋದಳು.

ಮೊದಲ ಫೋನು ಲಗ್ಗೆರೆಯಲ್ಲಿದ್ದ ತಂಗಿ ಕಲಾಗೆ. ಅಂಜಿನಯ್ಯನಿಗೆ ಅನುಮಾನವೇ ಇರಲಿಲ್ಲ. ಅಪ್ಪ ಹೋದ ಮೇಲೆ ತಾನೇ ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟು ಬಂದ ತಂಗಿ. ಇವಳು ಅಳದೆ ಇನ್ಯಾರು ಅಳುತ್ತಾರೆ? ಜಲಜಮ್ಮ ಸ್ಪೀಕರ್ ಹಾಕಿ ಸುದ್ದಿ ಹೇಳಿದರು. ಅಂಜಿನಯ್ಯ ಹೆಲ್ಮೆಟ್ಟಿನ ಗಾಜು ಎತ್ತಿ ಫೋನಿಗೆ ಕಿವಿ ಕೊಟ್ಟ.

"ಅಯ್ಯೋ ದೇವರೇ," ಎಂದಳು ಕಲಾ. "ಪಾಪ, ಅತ್ತಿಗೆ ಒಬ್ಬರೇ ಆಗ್ಬಿಟ್ರು. ಆಂಟಿ, ಎತ್ತೋದು ಎಷ್ಟು ಹೊತ್ತಿಗೆ? ಇವತ್ತು ನಮ್ಮ ಲೈನಿಗೆ ನೀರು ಬಿಡೋ ದಿನ. ಸಂಪ್ ತುಂಬಿಸ್ಕೊಂಡು ಬಂದ್ಬಿಡ್ತೀನಿ."

ಒಂದು ಬಿಕ್ಕಳಿಕೆಯಾದರೂ ಬಂದೀತೆಂದು ಜಲಜಮ್ಮ ಫೋನು ಇಡದೆ ಕಾದರು. ಮೋಟರಿನ ಸ್ವಿಚ್ಚು ಹಾಕಿದ ಸದ್ದು ಬಂತು.

ಎರಡನೆಯವನು ಜಗನ್ನಾಥ. ಕಚೇರಿಯಲ್ಲಿ ಪಕ್ಕದ ಮೇಜಿನವನು, ವರ್ಷಾನುಗಟ್ಟಲೆ ಅಂಜಿನಯ್ಯನ ಡಬ್ಬಿಯ ಚಿತ್ರಾನ್ನಕ್ಕೆ ಕೈ ಹಾಕಿದವನು. ಸುದ್ದಿ ಕೇಳಿ ಛೆ ಛೆ ಛೆ ಎಂದು ಫೋನು ಕತ್ತರಿಸಿದ. ಅಳುವುದಕ್ಕೇ ಹೋದ ಎಂದು ಅಂಜಿನಯ್ಯ ಆಸೆಪಟ್ಟ. ಸ್ವಲ್ಪ ಹೊತ್ತಿಗೆ ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ 'ನಮ್ಮ ಅಂಜಿನಯ್ಯ ಇನ್ನಿಲ್ಲ' ಎಂಬ ಸಾಲು ಬಂತು. ಅದರ ಕೆಳಗೆ ಕೈಮುಗಿದ ಚಿತ್ರಗಳು ರೇಷನ್ ಅಂಗಡಿಯ ಸರದಿಯ ಹಾಗೆ ನಿಂತವು. ಯಾರೋ ಅವಸರದಲ್ಲಿ ಹುಟ್ಟುಹಬ್ಬದ ಕೇಕು ಒತ್ತಿ ಆಮೇಲೆ ಅಳಿಸಿದರು. ಇನ್ನೊಬ್ಬರು ನಾಳೆ ರಜೆಯೋ ಅರ್ಧ ದಿನವೋ ಎಂದು ಕೇಳಿದರು. ಒಂದೆರಡು ಅಳುವ ಮುಖಗಳೂ ಇದ್ದವು. ಅಂಜಿನಯ್ಯ ಅವನ್ನು ಆಸೆಯಿಂದ ಜಲಜಮ್ಮನಿಗೆ ತೋರಿಸಿದ. ಫೋನಿನ ಕಣ್ಣೀರು ನೆಲಕ್ಕೆ ಬೀಳಲ್ಲ ಎಂದರು ಅವರು.

ಹೀಗೆ ಅತ್ತೆಯ ಮಗ, ಹಳೆಯ ಮನೆಯ ಮಾಲೀಕ, ಮದುವೆ ಮಾಡಿಸಿದ ದಲ್ಲಾಳಿ, ಎಲ್ಲರಿಗೂ ಫೋನು ಹೋಯಿತು. ಎಲ್ಲರೂ ಪಾಪ ಎಂದರು. ಒಳ್ಳೇ ಮನುಷ್ಯ ಎಂದರು. ಮಧ್ಯಾಹ್ನದ ಹೊತ್ತಿಗೆ ಅಂಜಿನಯ್ಯನಿಗೆ ಸಾವಿನ ಭಯದ ಜೊತೆಗೆ ಇನ್ನೊಂದು ಸಂಕಟವೂ ಸೇರಿಕೊಂಡಿತು. ಹೆಲ್ಮೆಟ್ ಹಾಕಿಕೊಂಡೇ ಮುದ್ದೆ ಮುರಿಯುತ್ತಾ, "ಯಶೋದ, ನಾನು ಅಷ್ಟು ಬೇಡವಾದೋನಾ?" ಎಂದು ಕೇಳಿದ. ಯಶೋದಮ್ಮ ಏನಾದರೂ ಹೇಳಿದರೆ ಅಳು ಬಂದೀತೆಂದು ಇನ್ನೊಂದು ಸೌಟು ಸಾರು ಬಡಿಸಿದಳು. ಅಡಿಗೆಮನೆಯ ಕಿಟಕಿಯ ಸರಳಿನ ಮೇಲೆ ಬಾಗಿದ ಗರಿಯ ಕಾಗೆ ಬಂದು ಕೂತಿತ್ತು. ಯಶೋದಮ್ಮ ಹಿಡಿ ಅನ್ನ ಎಸೆದಳು. ಅದು ಅನ್ನದ ಕಡೆ ತಿರುಗಿಯೂ ನೋಡಲಿಲ್ಲ.

ಆಗ ಫಕೀರೇಶನ ಫೋನು ಬಂತು. ಇವನು ಶಿರಹಟ್ಟಿ ಕಡೆಯ ಹುಡುಗ, ಸಿನಿಮಾದವರಿಗೆ ಸೆಟ್ಟು ಕಟ್ಟಿಕೊಡುವ ಕೆಲಸ. ಹೋದ ತಿಂಗಳೆಲ್ಲ ತಾರಸಿಯ ಮೂಲೆಯಲ್ಲಿ ಸುತ್ತಲೂ ನೀಲಿ ಟಾರ್ಪಾಲು ಕಟ್ಟಿಕೊಂಡು ಏನನ್ನೋ ಕೆತ್ತುತ್ತಿದ್ದ, ಯಾರಿಗೂ ತೋರಿಸಿರಲಿಲ್ಲ. ಒಂದು ದಿನ ಟೆಂಪೋ ತಂದು ಅದನ್ನು ಸಾಗಿಸಿ, ತಾನೂ ಕೆಂಗೇರಿಯ ಶೂಟಿಂಗಿನಲ್ಲೇ ಠಿಕಾಣಿ ಹೂಡಿದ್ದ. ಜಲಜಮ್ಮ ಬೀದಿಯ ವಾಟ್ಸಾಪ್ ಗುಂಪಿಗೂ ಹಾಕಿದ್ದ ಸುದ್ದಿ ನೋಡಿ ಯಶೋದಮ್ಮನಿಗೆ ಸಮಾಧಾನ ಹೇಳಲೆಂದು ಫೋನು ಮಾಡಿದ್ದ. ಎತ್ತಿಕೊಂಡದ್ದು ಅಂಜಿನಯ್ಯ.

"ಕಾಕಾ," ಎಂದ ಫಕೀರೇಶ, "ಅಲ್ಲಿಂದನೂ ನೆಟ್‌ವರ್ಕ್ ಸಿಗತೈತೇನ್ರಿ?"

ಅಂಜಿನಯ್ಯ ಅದೆಲ್ಲ ಬಿಡು, ಸುದ್ದಿ ಕೇಳಿ ಅತ್ತೆಯೋ ಇಲ್ಲವೋ ಅಷ್ಟು ಹೇಳು ಎಂದ. ಅಳಬೇಕೆಂದೇ ಇದ್ದೆ, ಶಾಟ್ ನಡೆಯುತ್ತಿತ್ತು, ಪುರುಸೊತ್ತಾಗಲಿಲ್ಲ ಎಂದು ಫಕೀರೇಶ ಪ್ರಾಮಾಣಿಕವಾಗಿ ಒಪ್ಪಿಕೊಂಡ. ಕಾಗೆಯ ಕತೆಯನ್ನು ಪೂರ್ತಿ ಕೇಳಿದ ಮೇಲೆ ಮಾತ್ರ ಅವನಿಗೆ ಒಂದು ಉಪಾಯ ಹೊಳೆಯಿತು.

"ಇವತ್ತ ಯುರೋಪಿನ ಪ್ರಾಗ್ ಊರಿನ ಸ್ಮಶಾನದ ಸೀನ್ ಐತ್ರಿ ಕಾಕಾ. ಹೀರೋ ಅವರಪ್ಪನ ಸಮಾಧಿ ಮುಂದ ಕುಂತು ಅಳತಾನ. ಆ ಕಡೆ ಮಂದಿ ಸಮಾಧಿ ಮ್ಯಾಲ ಸತ್ತವರ ಫೋಟೋ ಕೂಡಸತಾರ. ನಮಗ ಇನ್ನೂ ಫೋಟೋ ಸಿಕ್ಕಿಲ್ಲ. ನಿಮ್ದ ಹಚ್ಚಿಬಿಡತೀನಿ, ಬರ್ರಿ."

ಸಿನಿಮಾದವನ ಕಣ್ಣೀರು ನಡೆಯುತ್ತದೆಯೇ ಎಂಬ ಪ್ರಶ್ನೆ ಜಲಜಮ್ಮನ ಮುಂದೆ ಬಂತು. ಅವರು ಕಣ್ಣುಮುಚ್ಚಿ ಯೋಚಿಸಿದರು. ಪಾತ್ರ ಮಾಡುವವನು ಆ ಗಳಿಗೆಯಲ್ಲಿ ನಿಜವೆಂದೇ ನಂಬಿರುತ್ತಾನೆ, ಕಣ್ಣಿಗೆ ಔಷಧಿ ಹಾಕದೆ ಅತ್ತರೆ ನಡೆಯುತ್ತದೆ ಎಂದು ತೀರ್ಪು ಕೊಟ್ಟು, ಸಾಕ್ಷಿಗೆ ತಾವೂ ಬರುವುದಾಗಿ ಸೀರೆ ಬದಲಾಯಿಸಲು ಹೋದರು.

ಅಂಜಿನಯ್ಯ, ಜಲಜಮ್ಮ ಇಬ್ಬರೂ ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿದರು. ಸೆಕ್ಯೂರಿಟಿಯವನು ಹೆಲ್ಮೆಟ್ ತೆಗೆಯಲು ಹೇಳಿದಾಗ ಅಂಜಿನಯ್ಯ ಮೇಲೆ ಸೂರು ಇದೆಯೆಂದು ಖಾತ್ರಿ ಮಾಡಿಕೊಂಡು ತೆಗೆದು, ಆಚೆ ಬಂದ ಕೂಡಲೇ ಮತ್ತೆ ಹಾಕಿಕೊಂಡ. ಅಕ್ಕಪಕ್ಕದವರು ಸ್ವಲ್ಪ ಸರಿದು ಕೂತರು. ನಾಯಂಡಹಳ್ಳಿ ದಾಟುವಾಗ ಅವನು ಕಿಟಕಿಯಾಚೆ ನೋಡಿದ. ರೈಲಿನ ಸಮಕ್ಕೆ ಒಂದು ಕಾಗೆ ಹಾರುತ್ತಿತ್ತು. ಬೆಂಗಳೂರಿನಲ್ಲಿ ಕಾಗೆಗೇನು ಬರವೇ, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಾದರೂ ಏನು ಎಂದು ತನಗೆ ತಾನೇ ಹೇಳಿಕೊಂಡ. ಆದರೂ ಅದರ ಎಡರೆಕ್ಕೆಯ ಕಡೆ ನೋಡುವ ಧೈರ್ಯ ಬರಲಿಲ್ಲ. ಕೆಂಗೇರಿ ಬರುವವರೆಗೆ ತನ್ನ ಚಪ್ಪಲಿಯನ್ನೇ ನೋಡುತ್ತ ಕೂತ.

ಸಿನಿಮಾದ ಹೆಸರು 'ಸಿಡಿಲುಗಣ್ಣ'. ಕಣ್ಣಲ್ಲಿ ಸಿಡಿಲು ಹೊಡೆಸುವ ವೀರನೊಬ್ಬ ದುಷ್ಟರನ್ನು ಅಟ್ಟಿಸಿಕೊಂಡು ಪ್ರಾಗ್, ವೆನಿಸ್, ಲಂಡನ್ ಎಲ್ಲ ಸುತ್ತುವ ಕತೆ. ಯೂನಿಟ್ಟಿನವರು ನಿಜವಾಗಿಯೂ ಅಲ್ಲಿಗೆಲ್ಲ ಹೋಗಿ, ಚಳಿಯಲ್ಲಿ ನಡುಗಿ, ದೂರದಿಂದ ಕಾಣುವ ಸೇತುವೆ, ಗೋಪುರ, ಹಾರಾಟ ಇಷ್ಟನ್ನು ಕ್ಯಾಮರಾದಲ್ಲಿ ಹಿಡಿದುಕೊಂಡು ಬಂದಿದ್ದರು. ಯಾರಾದರೂ ಬಾಯಿಬಿಟ್ಟು ಮಾತಾಡಬೇಕಾದ ಜಾಗಗಳನ್ನೆಲ್ಲ ಕೆಂಗೇರಿಯಾಚೆಯ ಒಂದು ಖಾಲಿ ಬಯಲಿನಲ್ಲಿ ಪ್ಲೈವುಡ್ಡಿನಿಂದ ಕಟ್ಟಿದ್ದರು. ಅಳತೆ ತರಲು ಫಕೀರೇಶನೂ ಜೊತೆಗೆ ಹೋಗಿದ್ದ. ಪ್ರಾಗಿನ ಸೇತುವೆಯ ಕಂಬಕ್ಕೆ ಟೇಪು ಹಿಡಿದಿದ್ದಾಗ ಅಲ್ಲಿಯ ಪೊಲೀಸರು ಬಂದು ಏನು ಮಾಡುತ್ತಿದ್ದೀಯೆಂದು ಕೇಳಿದರಂತೆ. ಕೆಂಗೇರಿಗೆ ಇಂಥಾದ್ದೊಂದು ಬೇಕಾಗೈತ್ರಿ ಎಂದು ಇವನು ಕನ್ನಡದಲ್ಲೇ ಹೇಳಿದನಂತೆ.

ಗೇಟಿನಲ್ಲಿ ಫಕೀರೇಶ ಕಾದಿದ್ದ. ಅಂಜಿನಯ್ಯನ ಫೋಟೋ ಇಸಿದುಕೊಂಡು, ಹೀಗೇ ನೇರ ಬರ್ರಿ, ಚರ್ಚಿನ ಹಿಂದ ಸ್ಮಶಾನ ಎಂದು ಹೇಳಿ ಓಡಿದ. ಊಟದ ಬಿಡುವಾದ್ದರಿಂದ ಸೆಟ್ಟಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕಲ್ಲು ಹಾಸಿನಂತೆ ಕಂಡ ನೆಲ ಕಾಲಿಟ್ಟರೆ ಡಬ್ಬದಂತೆ ಸದ್ದು ಮಾಡುತ್ತಿತ್ತು. ಎರಡೂ ಕಡೆ ಎತ್ತರದ ಹಳೇ ಮನೆಗಳು, ಕಿಟಕಿಗೆ ಲೇಸಿನ ಪರದೆ. ಗಾಳಿಗೆ ಒಂದು ಪರದೆ ಸರಿದಾಗ ಅಂಜಿನಯ್ಯ ಇಣುಕಿದ. ಒಳಗೆ ಕೋಣೆ ಇರಲಿಲ್ಲ, ಬರೀ ಆಕಾಶವಿತ್ತು. ಬಲಕ್ಕೆ ತಿರುಗಿದರೆ ವೆನಿಸ್ಸು. ಟಾರ್ಪಾಲಿನ ಕಾಲುವೆಯಲ್ಲಿ ನಿಂತ ನೀರಿನ ಮೇಲೆ ಒಂದು ಕರೀ ದೋಣಿ ತನ್ನಷ್ಟಕ್ಕೆ ತಿರುಗುತ್ತಿತ್ತು. ಅದರಾಚೆ ಲಂಡನ್ನಿನ ಕೆಂಪು ಟೆಲಿಫೋನ್ ಡಬ್ಬ, ಅದರೊಳಗೆ ನೆಲ ಒರೆಸುವ ಬಕೆಟ್ಟು.

ಎಲ್ಲಿಂದಲೋ ಹೊಗೆ ಬಿಡುವ ಯಂತ್ರ ಗುರ್ ಎಂದು ಶುರುವಾಯಿತು. ಬಿಳೀ ಮಂಜು ಬೀದಿಯುದ್ದಕ್ಕೂ ಹರಿದು ಮೊಣಕಾಲವರೆಗೆ ಬಂತು. ಜಲಜಮ್ಮ ಮಾತು ನಿಲ್ಲಿಸಿ ಅಂಜಿನಯ್ಯನ ಅಂಗಿಯ ತೋಳು ಹಿಡಿದುಕೊಂಡರು. ಸತ್ತ ಮೇಲೆ ಹೋಗುವ ಊರು ಹೀಗೇ ಇರಬಹುದು, ಮುಂದುಗಡೆ ಮನೆ, ಒಳಗೆ ಏನೂ ಇಲ್ಲ, ಕರೆಯುವವರೂ ಇಲ್ಲ ಎಂದು ಅಂಜಿನಯ್ಯನಿಗೆ ಅನ್ನಿಸಿತು. ಹೆಲ್ಮೆಟ್ಟಿನೊಳಗೆ ಬೆವರು ಇಳಿಯಿತು.

ಚರ್ಚಿನ ಹಿಂದೆ ಸಾಲು ಸಾಲಾಗಿ ಸಮಾಧಿ ಕಲ್ಲುಗಳು ಮಂಜಿನಲ್ಲಿ ನಿಂತಿದ್ದವು. ಥರ್ಮೋಕೋಲಿನವೆಂದು ಗೊತ್ತಿದ್ದೂ ಅವನು ಒಂದನ್ನೂ ತಾಗದಂತೆ ಬಳಸಿಕೊಂಡು ನಡೆದ. ನಡುವಿನ ಕಲ್ಲಿನ ಮೇಲೆ, ಯಾವುದೋ ದೇಶದ ಅಕ್ಷರಗಳ ನಡುವೆ, ಮೊಟ್ಟೆಯಾಕಾರದ ಕಟ್ಟಿನೊಳಗಿಂದ ಅವನದೇ ಮುಖ ಅವನನ್ನು ನೋಡುತ್ತಿತ್ತು. ವಿಜಯನಗರದ ಸ್ಟುಡಿಯೋದಲ್ಲಿ ತೆಗೆಸಿದ ಪಾಸ್‌ಪೋರ್ಟ್ ಸೈಜಿನ ಫೋಟೋ. ಫ್ಲಾಶಿಗೆ ಬೆಚ್ಚಿ ಕಣ್ಣು ಮೇಲಕ್ಕೆ ಹೋಗಿತ್ತು, ಬಾಯಿ ಅರ್ಧ ತೆರೆದಿತ್ತು. ಸತ್ತವರ ಫೋಟೋ ಆಗಲೆಂದೇ ತೆಗೆದಂತಿದೆ ಎಂದು ಅಂಜಿನಯ್ಯನಿಗೆ ಅವತ್ತು ಮೊದಲ ಸಲ ಹೊಳೆಯಿತು.

ಊಟ ಮುಗಿದು ಜನ ಬಂದರು, ದೀಪಗಳು ಹೊತ್ತಿದವು. ಮಿರಿಮಿರಿ ಮಿಂಚುವ ಬಿಗಿ ಉಡುಪಿನ ಹೀರೋ ಮಂಜಿನೊಳಗಿಂದ ನಡೆದುಬಂದು ಸಮಾಧಿಯ ಮುಂದೆ ಮಂಡಿಯೂರಿದ. ಫೋಟೋ ನೋಡಿ ತಲೆ ತಗ್ಗಿಸಿದ. ಅವನ ಭುಜಗಳು ಕುಲುಕತೊಡಗಿದವು. ಕ್ಯಾಮರಾದ ಹಿಂದೆ ನಿಂತಿದ್ದ ಅಂಜಿನಯ್ಯನ ಎದೆ ಹೂವಿನಂತೆ ಹಗುರಾಯಿತು. ಬೆಳಿಗ್ಗೆಯಿಂದ ಲೋಕವೆಲ್ಲ ಒಣಗಿತ್ತು, ಕೊನೆಗೆ ಗುರುತು ಪರಿಚಯವಿಲ್ಲದ ಒಬ್ಬ ಪುಣ್ಯಾತ್ಮ ತನಗಾಗಿ ಅಳುತ್ತಿದ್ದಾನೆ. ಆಗ ಹೀರೋ ತಲೆ ಎತ್ತಿದ. ಅವನು ಅಳುತ್ತಿರಲಿಲ್ಲ, ನಗು ತಡೆಯಲಾರದೆ ಒದ್ದಾಡುತ್ತಿದ್ದ.

"ಸಾರಿ ಸಾರ್," ಎಂದ ಡೈರೆಕ್ಟರಿಗೆ. "ಈ ಮುಖ ನೋಡಿದ್ರೆ ಯಾಕೋ ತಡ್ಕೊಳೋಕಾಗ್ತಿಲ್ಲ."

ಇನ್ನೊಮ್ಮೆ ಮಾಡಿದರು, ಮತ್ತೊಮ್ಮೆ ಮಾಡಿದರು. ಕೊನೆಗೆ ಕಣ್ಣಿಗೆ ಗ್ಲಿಸರಿನ್ ಹಾಕಿದರೆ ಹೀರೋ ನೀರು ಸುರಿಸಿಕೊಂಡೇ ನಕ್ಕ. ಜಲಜಮ್ಮ ಇದು ನಡೆಯಲ್ಲ ಎಂದು ಕೈಯಾಡಿಸಿದರು. ಬೆಳಕು ಇಳಿಯುತ್ತಿತ್ತು, ಡೈರೆಕ್ಟರಿಗೆ ಸಿಟ್ಟು ಬಂತು. ಅವನು ನಿಂತ ನಿಲುವಿನಲ್ಲೇ ಕತೆ ಬದಲಾಯಿಸಿದ. ಅಪ್ಪನ ಸಮಾಧಿ ಬೇಡ, ಸಾಕಿದ ನಾಯಿಯ ಸಮಾಧಿ ಎಂದ. ಯಾರದೋ ಫೋನಿನಲ್ಲಿದ್ದ ಕಂದು ನಾಯಿಯ ಚಿತ್ರವನ್ನು ಪ್ರಿಂಟು ತೆಗೆದು ಅಂಜಿನಯ್ಯನ ಮುಖದ ಮೇಲೆ ಅಂಟಿಸಿದರು. ಹೀರೋ ಒಂದೇ ಟೇಕಿಗೆ ಗೊಳೋ ಎಂದು ಅತ್ತುಬಿಟ್ಟ. ಲೈಟು ಹಿಡಿದವರು ಮೂಗು ಒರೆಸಿಕೊಂಡರು. ಅಂಜಿನಯ್ಯ ಪಕ್ಕಕ್ಕೆ ನೋಡಿದ. ಜಲಜಮ್ಮನೂ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು.

ಅಂಜಿನಯ್ಯ ಅಲ್ಲಿ ನಿಲ್ಲಲಾರದೆ ಒಬ್ಬನೇ ನಡೆದುಬಿಟ್ಟ. ಯಾವ ದೇಶ ದಾಟಿದನೋ ನೋಡಲಿಲ್ಲ. ಒಂದು ಚೌಕದ ನಡುವೆ ಎತ್ತರದ ಕಲ್ಲುಕಟ್ಟೆ ಕಂಡಿತು. ಅದರ ಮೆಟ್ಟಿಲ ಮೇಲೆ ಕೂತು, ಉಸಿರು ಕಟ್ಟಿ, ಹೆಲ್ಮೆಟ್ ತೆಗೆದ. ಆಗಲೇ ತಲೆಯ ಮೇಲೆ ಕಾ ಎಂದು ಕೇಳಿಸಿತು.

ಮೆಲ್ಲನೆ ಕತ್ತೆತ್ತಿ ನೋಡಿದ. ಕಟ್ಟೆಯ ಮೇಲೆ ನಿಲುವಂಗಿ ತೊಟ್ಟ ಕಲ್ಲಿನ ರಾಜನೊಬ್ಬ ನಿಂತಿದ್ದ. ಅವನ ಬೋಳುತಲೆಯ ಮೇಲೆ ಕಾಗೆಗಳು ಕೂತಿದ್ದವು. ರಾಜನ ಮೂಗಿನ ತುದಿ ಸ್ವಲ್ಪ ಎಡಕ್ಕೆ ಸೊಟ್ಟಗಿತ್ತು. ಕೆಳದುಟಿ ಜೋತಿತ್ತು. ಬಲಕಿವಿಯ ಹಾಲೆ ಅಗಲವಾಗಿತ್ತು. ಅಂಜಿನಯ್ಯ ದಿನಾ ಬೆಳಿಗ್ಗೆ ಗಡ್ಡ ಕೆರೆಯುವಾಗ ಕನ್ನಡಿಯಲ್ಲಿ ನೋಡುವ ಮುಖವೇ ಅದು, ಬೂದಿ ಬಣ್ಣಕ್ಕೆ ತಿರುಗಿ, ಕಣ್ಣು ಮುಚ್ಚಿಕೊಂಡು ನಿಂತಿತ್ತು. ಅವನು ಇಟ್ಟ ಕೂಗು ಪ್ರಾಗಿನಿಂದ ಲಂಡನ್ನಿನವರೆಗೆ ಕೇಳಿಸಿತು.

ಫಕೀರೇಶ ಓಡಿಬಂದ. ವಿಷಯ ತಿಳಿದು ನಾಚಿಕೆಯಿಂದ ತಲೆ ಕೆರೆದುಕೊಂಡ. ತಾನು ತಾರಸಿಯ ಟಾರ್ಪಾಲಿನ ಮರೆಯಲ್ಲಿ ಕೆತ್ತಿದ್ದು ಇದನ್ನೇ, ರಾಜನಿಗೆ ಮುಖ ಬೇಕಾಗಿತ್ತು, ದಿನಾ ಬೆಳಿಗ್ಗೆ ಎದುರಿಗೆ ಪೇಪರ್ ಓದುತ್ತ ಕೂರುತ್ತಿದ್ದ ನಿಮ್ಮ ಮುಖವೇ ಕೈಗೆ ಬಂತು ಎಂದ.

"ಅಲ್ಲಿ ಊರೂರಿಗೆ ಇಂಥಾ ಕಲ್ಲಿನ ಮನುಷ್ಯಾರು ನಿಂತಿರತಾರ್ರಿ ಕಾಕಾ. ಒಬ್ಬೊಬ್ಬರ ತಲಿ ಮ್ಯಾಲೂ ಹಕ್ಕಿ ಕುಂತಿರತಾವ. ಹಕ್ಕಿ ಇಲ್ಲಂದ್ರ ಇದು ಕೆಂಗೇರಿ ಅಂತ ಮಂದಿಗೆ ಗೊತ್ತಾಗಿಬಿಡತೈತಿ ಅಂದ್ರು ಡೈರೆಕ್ಟರ್ ಸಾಹೇಬ್ರು. ಅದಕ್ಕ ಕೆತ್ತೂ ಮುಂದನ ದಿನಾ ಇದರ ತಲಿ ಮ್ಯಾಲ ಖಾರಾ ಬೂಂದಿ ಇಟ್ಟು ಕಾಗಿಗೆ ರೂಢಿ ಮಾಡಸಿದೆ. ಇವೆಲ್ಲಾ ನಿಮ್ಮ ಮಾಳಿಗಿ ಕಾಗಿನ."

ಅಂಜಿನಯ್ಯ ರಾಜನ ತಲೆ ನೋಡಿದ, ತನ್ನ ತಲೆ ಸವರಿಕೊಂಡ. ಅದೇ ಬೋಳು, ಅದೇ ಮುಖ, ಅದೇ ತಾರಸಿ. ಕಾಗೆ ಕುಕ್ಕಿದ್ದು ಶನಿಯ ಮಾತು ಕೇಳಿ ಅಲ್ಲ, ಬೂಂದಿ ಹುಡುಕಿಕೊಂಡು. ಅವನಿಗೆ ಎಂಥಾ ನಗು ಬಂತೆಂದರೆ ಕಟ್ಟೆ ಹಿಡಿದುಕೊಂಡು ನಕ್ಕ. ಹೆಲ್ಮೆಟ್ಟನ್ನು ಅಲ್ಲೇ ಫಕೀರೇಶನ ಕೈಗೆ ಕೊಟ್ಟು, ಇಳಿಬಿಸಿಲಿಗೆ ತಲೆಯೊಡ್ಡಿಕೊಂಡು, ಮಾವನ ಮನೆಗೆ ಹೊರಟ ಅಳಿಯನ ಹಾಗೆ ಮೆಟ್ರೋ ಹತ್ತಿದ. ಜಲಜಮ್ಮ ಮಾತ್ರ ದಾರಿಯುದ್ದಕ್ಕೂ ಏನೋ ಲೆಕ್ಕ ಹಾಕುತ್ತಿದ್ದರು.

ರೈಲಿನಲ್ಲೇ ಕೂತು ಅವನು ಬೆಳಿಗ್ಗೆ ಫೋನು ಹೋದವರಿಗೆಲ್ಲ ಒಬ್ಬೊಬ್ಬರಿಗೂ, ಕಚೇರಿಯ ಗುಂಪಿಗೂ ತಾನು ಬದುಕಿರುವುದಾಗಿ ತಿಳಿಸಿದ. ಸಂಪು ಅರ್ಧಕ್ಕೇ ನಿಲ್ಲಿಸಿ ಬಸ್ಸು ಹತ್ತಿದ್ದೆ ಎಂದು ಕಲಾ ಬೈದು ವಾಪಸ್ಸು ಹೋದಳು. ರಜೆ ಹೋಯಿತೆಂದು ಜಗನ್ನಾಥ ಬೇಜಾರು ಮಾಡಿಕೊಂಡ. ಬೀದಿಯ ಮೂಲೆಯಲ್ಲಿ ಬಡಾವಣೆ ಸಂಘದ ಅಧ್ಯಕ್ಷ ತಮ್ಮಣ್ಣ ಏಣಿ ಹಾಕಿಕೊಂಡು ಫ್ಲೆಕ್ಸ್ ಕಟ್ಟಿಸುತ್ತಿದ್ದ. 'ಮತ್ತೆ ಹುಟ್ಟಿ ಬನ್ನಿ' ಎಂಬ ಅಕ್ಷರದ ಕೆಳಗೆ ಅಂಜಿನಯ್ಯನ ಚಿಕ್ಕ ಮುಖ, ಅದರ ಕೆಳಗೆ ಸಂಘದ ಪದಾಧಿಕಾರಿಗಳ ದೊಡ್ಡ ಮುಖಗಳು. ಸತ್ತವನೇ ಬಂದು ಏಣಿ ಹಿಡಿದುಕೊಂಡಿದ್ದು ನೋಡಿ ತಮ್ಮಣ್ಣ ಬೆಚ್ಚಿದ. ವಿಷಯ ಕೇಳಿದ ಮೇಲೆ, "ಇರ್ಲಿ ಬಿಡಿ ಸಾರ್, ಮಡಚಿ ಇಟ್ಟಿರ್ತೀನಿ, ಮುಂದೆ ಆಗತ್ತೆ," ಎಂದ.

ಇಡೀ ದಿನ ತನ್ನನ್ನು ಕುಣಿಸಿದ ಜಲಜಮ್ಮನಿಗೆ ಒಂದು ಪಾಠ ಕಲಿಸಬೇಕೆಂದು ಅಂಜಿನಯ್ಯನಿಗೆ ಆಸೆಯಾಯಿತು. ಮೂಲೆಯ ಕಾಂಡಿಮೆಂಟ್ಸಿನಲ್ಲಿ ಖಾರಾಬೂಂದಿ ಕಟ್ಟಿಸಿಕೊಂಡು, ತಮ್ಮಣ್ಣನನ್ನೂ ಎದುರುಮನೆಯವರನ್ನೂ ಕರೆದುಕೊಂಡು ತಾರಸಿ ಹತ್ತಿದ. ಜಲಜಮ್ಮ ಬಂದರು. ಹಿಂದೆಯೇ ಯಶೋದಮ್ಮನೂ ಬಂದು ಮೆಟ್ಟಿಲ ಬಳಿ ನಿಂತಳು. ಅಂಜಿನಯ್ಯ ಬೆಳಿಗ್ಗೆಯ ಜಾಗದಲ್ಲೇ ಕುರ್ಚಿ ಹಾಕಿ ಕೂತು, ಒಂದು ಹಿಡಿ ಬೂಂದಿಯನ್ನು ತನ್ನ ತಲೆಯ ಮೇಲೆ ಗುಪ್ಪೆ ಮಾಡಿಕೊಂಡ. ಶನಿಮಹಾತ್ಮ ಹೇಗೆ ಬೂಂದಿ ತಿಂತಾನೆ, ಕಣ್ಣಾರೆ ನೋಡಿ ಎಂದ.

ಹೊತ್ತು ಇಳಿಯುತ್ತಿತ್ತು. ಗೂಡಿಗೆ ಮರಳುವ ಕಾಗೆಗಳು ತಂತಿಯ ಮೇಲೆ, ನೀರಿನ ಟ್ಯಾಂಕಿನ ಮೇಲೆ, ಡಿಶ್ ಕೊಡೆಗಳ ಮೇಲೆ ಬಂದು ಕೂತವು. ಎಲ್ಲವೂ ಇವನ ಕಡೆ ನೋಡಿದವು. ಒಂದೂ ಹತ್ತಿರ ಬರಲಿಲ್ಲ. ಮೊದಲು ಜನ ನಗುತ್ತಿದ್ದರು. ಆಮೇಲೆ ನಗು ನಿಂತಿತು. ಪಿಂಡ ಇಟ್ಟುಕೊಂಡು ಕಾಗೆಗೆ ಕಾಯುವವರ ಹಾಗೆ ಎಲ್ಲರೂ ಸುಮ್ಮನೆ ಆಕಾಶ ನೋಡುತ್ತ ನಿಂತರು.

ಅಂಜಿನಯ್ಯ ತಲೆ ಅಲುಗಿಸದೆ ಫಕೀರೇಶನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದ. ನಿನ್ನ ಕಾಗೆಗಳು ಬೂಂದಿ ಇಟ್ಟರೂ ಬರುತ್ತಿಲ್ಲವಲ್ಲೋ ಎಂದು ದೂರಿದ.

"ಅಲ್ಲಿ ಎಲ್ಲಿಂದ ಬರತಾವ್ರಿ ಕಾಕಾ?" ಎಂದ ಫಕೀರೇಶ. "ರಾಜನ್ನ ಟೆಂಪೋಕ್ಕ ಏರಿಸಿದ ದಿನ ಅವನ ತಲಿ ಮ್ಯಾಲ ಕುಂತ ಬಂದಾವ. ವಾರದ ಮ್ಯಾಲಾತು, ಕೆಂಗೇರಿ ಬಿಟ್ಟು ಕದಲಿಲ್ಲ. ಈಗೂ ಇಲ್ಲೇ ಅದಾವ, ಕೇಳ್ರಿ."

ಫೋನಿನೊಳಗಿಂದ ಕಾ ಕಾ ಎಂದು ಕೇಳಿಸಿತು. ಆಮೇಲೆ ಫಕೀರೇಶ ತಡೆದು ತಡೆದು ಕೇಳಿದ.

"ಹಂಗಾದ್ರ, ಮುಂಜಾನಿ ನಿಮ್ಮ ತಲಿ ಕುಕ್ಕಿದ್ದು ಯಾವ್ದರಿ?"

ಚಂದ್ರಾ ಲೇಔಟಿನ ಟ್ಯಾಂಕುಗಳ ಹಿಂದೆ ಸೂರ್ಯ ಅರ್ಧ ಇಳಿದಿದ್ದ. ಜಲಜಮ್ಮ ಗಡಬಡಿಸಿ ಅಂಜಿನಯ್ಯನ ಕೈಯಿಂದ ಫೋನು ಕಿತ್ತುಕೊಂಡು, ಇನ್ಯಾರಿಗಾದರೂ ಸುದ್ದಿ ಹೇಳಬಹುದೇ ಎಂದು ಹೆಸರುಗಳನ್ನು ಮೇಲೆ ಕೆಳಗೆ ಸರಿಸಿದರು. ಎಲ್ಲರಿಗೂ ಅಂಜಿನಯ್ಯ ಸ್ವಂತ ಬಾಯಿಂದಲೇ ಬದುಕಿದ್ದೇನೆಂದು ಹೇಳಿಯಾಗಿತ್ತು. ಇನ್ನು ಅವನು ಸತ್ತನೆಂದರೆ ನಂಬುವವರು ಲೋಕದಲ್ಲಿ ಒಬ್ಬರೂ ಉಳಿದಿರಲಿಲ್ಲ. ಅವರು ಫೋನನ್ನು ಮೆಲ್ಲಗೆ ಅವನ ತೊಡೆಯ ಮೇಲಿಟ್ಟರು.

ಮೆಟ್ಟಿಲ ಬಳಿ ಯಶೋದಮ್ಮ ಬೆಳಿಗ್ಗೆಯಿಂದ ನುಂಗಿದ್ದ ಅಳುವನ್ನೆಲ್ಲ ಒಮ್ಮೆಗೇ ಬಿಟ್ಟಳು. ಸೆರಗು ಬಾಯಿಗೆ ತುರುಕಿಕೊಂಡರೂ ತಡೆಯಲಿಲ್ಲ, ಕಣ್ಣೀರು ಧಾರೆಯಾಗಿ ನೆಲಕ್ಕೆ ಬಿತ್ತು. ದಿನವಿಡೀ ಯಾವುದಕ್ಕಾಗಿ ಅಲೆದಿದ್ದನೋ ಅದು ತನ್ನ ಮನೆಯ ತಾರಸಿಯಲ್ಲೇ ಇದ್ದದ್ದನ್ನು ಅಂಜಿನಯ್ಯ ನೋಡಿದ. ಆಸೆಯಿಂದ ಜಲಜಮ್ಮನ ಕಡೆ ತಿರುಗಿದ. ಜಲಜಮ್ಮ ಅವನ ಕಣ್ಣು ತಪ್ಪಿಸಿ, ಇಲ್ಲವೆಂದು ತಲೆಯಾಡಿಸಿದರು.

ಸೂರ್ಯ ಮುಳುಗಿದ. ಬೀದಿಯ ದೀಪಗಳು ಹೊತ್ತಿದವು. ಬೇರೆ ಕಾಗೆಗಳೆಲ್ಲ ಒಟ್ಟಿಗೆ ಎದ್ದು ಹೋದವು. ತಮ್ಮಣ್ಣ ಮಡಚಿಟ್ಟ ಫ್ಲೆಕ್ಸನ್ನು ಕಂಕುಳಲ್ಲಿ ಭದ್ರಪಡಿಸಿಕೊಂಡ. ಆಗ ಒಂದು ಕಾಗೆ ಸದ್ದಿಲ್ಲದೆ ಬಂದು ತಾರಸಿಯ ಗೋಡೆಯ ಮೇಲೆ, ಅಂಜಿನಯ್ಯನ ಕೈಗೆಟಕುವಷ್ಟು ಹತ್ತಿರ ಕೂತಿತು. ಅದರ ಎಡರೆಕ್ಕೆಯಲ್ಲಿ ಒಂದು ಗರಿ ಬಾಗಿತ್ತು. ಅಂಜಿನಯ್ಯ ತಲೆಯ ಮೇಲಿದ್ದ ಬೂಂದಿಯನ್ನೆಲ್ಲ ಬಳಿದು ಅದರ ಮುಂದೆ ಸುರಿದ. ಕಾಗೆ ಒಮ್ಮೆ ಬೂಂದಿಯನ್ನು ನೋಡಿತು, ಒಮ್ಮೆ ಅವನನ್ನು ನೋಡಿತು. ಅದಕ್ಕೆ ಬೂಂದಿ ಬೇಕಾಗಿರಲಿಲ್ಲ.